ಗೋದಾಬಾಯಿ ಅಂಗೈ ಮೇಲೆ ಬರೆದದ್ದು

ವೈಯಾಲಿಕಾವಲ್‌ನ ಶ್ರೀಹರಿರಾಯರಿಗೆ ಕಣ್ಣು ಹೋದದ್ದು ನಲವತ್ತು ತುಂಬುವ ಮೊದಲೇ. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದರು. ಸಾಲಿನ ಅಂಚಿನ ಅಕ್ಷರಗಳು ಮಸುಕಾಗತೊಡಗಿದಾಗ ಶಾಯಿ ಸರಿಯಿಲ್ಲವೆಂದು ಮೆಷಿನ್ನಿನವರ ಮೇಲೆ ರೇಗಿದ್ದರಂತೆ. ಗ್ಲಾಕೋಮಾ ಎಂದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು.

ಆಮೇಲೆ ಮನೆಯಲ್ಲಿ ಓದುವ ಕೆಲಸ ಹೆಂಡತಿ ಗೋದಾಬಾಯಿಯದಾಯಿತು. ಬೆಳಿಗ್ಗೆ ಕಾಫಿಯ ಜೊತೆ ಪೇಪರು, ಮಧ್ಯಾಹ್ನ ಲೈಬ್ರರಿಯಿಂದ ತಂದ ಕಾದಂಬರಿ. ಓದುತ್ತಾ ಓದುತ್ತಾ ನಿಲ್ಲಿಸಿ, “ಇಲ್ಲಿ ಒತ್ತಕ್ಷರ ನುಂಗಿದಾರೆ ನೋಡ್ರಿ” ಎನ್ನುತ್ತಿದ್ದಳು. ತಮ್ಮ ಹಳೆಯ ಕಸುಬು ಇನ್ನೂ ಕೈಯಲ್ಲಿದೆ ಎಂದು ರಾಯರಿಗೆ ಅನ್ನಿಸಲಿ ಅಂತಲೇ ಹಾಗೆ ಹೇಳುತ್ತಿದ್ದಳೇನೋ. ಅವಳ ಮುಖ ಅವರ ನೆನಪಿನಲ್ಲಿ ಅಂದು ಇದ್ದ ಹಾಗೇ ನಿಂತುಬಿಟ್ಟಿತ್ತು. ದನಿ ಮಾತ್ರ ಅವರ ಜೊತೆಯಲ್ಲೇ ವಯಸ್ಸಾಗುತ್ತಾ ಬಂತು. ರಾಯರ ಪಾಲಿಗೆ ಹೆಂಡತಿ ಎಂದರೆ ಆ ದನಿಯೇ.

ಎರಡು ಸಾವಿರದ ಐದರಲ್ಲಿ ಆ ದನಿ ಒಡೆಯಿತು. ಮೊದಲು ನೆಗಡಿ ಅಂದುಕೊಂಡರು, ಆಮೇಲೆ ಕಷಾಯ ಕುಡಿಸಿದರು, ಕೊನೆಗೆ ಆಸ್ಪತ್ರೆಗೆ ಹೋದರು. ಗಂಟಲಿನ ಕ್ಯಾನ್ಸರ್. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ತೆಗೆದರು. ಉಸಿರಾಟಕ್ಕೆ ಕತ್ತಿನಲ್ಲಿ ಒಂದು ರಂಧ್ರ ಉಳಿಯಿತು.

ಅವಳು ಮನೆಗೆ ಬಂದ ದಿನ ರಾಯರು ಬಚ್ಚಲಿನಿಂದ, “ಗೋದಾ, ಟವೆಲ್ ಕೊಡು” ಎಂದು ಕೂಗಿದರು. ಉತ್ತರ ಬರಲಿಲ್ಲ. ಮನೆಯೊಳಗೆ ಹೆಂಡತಿ ಎಲ್ಲಿದ್ದಾಳೆಂದು ಇನ್ನು ಮೇಲೆ ತನಗೆ ಗೊತ್ತಾಗುವುದೇ ಇಲ್ಲ ಎಂಬುದು ಒದ್ದೆ ಮೈಯಲ್ಲಿ ನಿಂತಿದ್ದ ಅವರಿಗೆ ಆಗ ಹೊಳೆಯಿತು. ಮಾರನೆಯ ದಿನದಿಂದ ಗೋದಾಬಾಯಿ ಕೈತುಂಬ ಗಾಜಿನ ಬಳೆ ಹಾಕಿಕೊಂಡಳು. ಹೇಳಬೇಕಾದ್ದನ್ನು ಅವರ ಅಂಗೈ ಮೇಲೆ ಬೆರಳಿನಲ್ಲಿ ಬರೆಯತೊಡಗಿದಳು. ‘ಊಟ’, ‘ಮಾತ್ರೆ’, ‘ಹಾಲು’. ಅದಕ್ಕಿಂತ ಉದ್ದದ ಮಾತುಗಳು ಅವಳೊಳಗೇ ಉಳಿದುಹೋದವು. ಮನೆಗೆ ಯಾರು ಬಂದರೂ ಕತ್ತಿಗೆ ಸೆರಗು ಸುತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಮಾತು ಕಲಿಸುವ ಕ್ಲಾಸಿಗೆ ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದರೂ ಹೋಗಲಿಲ್ಲ.

ರಾಯರ ಹತ್ತಿರ ಒಂದು ಕಂಪ್ಯೂಟರ್ ಇತ್ತು. ತೆರೆಯ ಮೇಲಿನ ಇಂಗ್ಲಿಷನ್ನು ಗಟ್ಟಿಯಾಗಿ ಓದುವ ಒಂದು ಪ್ರೋಗ್ರಾಮನ್ನು ಅಂಧರ ಸಂಘದವರು ಅದರಲ್ಲಿ ಹಾಕಿಕೊಟ್ಟು, ಕೀಲಿಗಳನ್ನು ಕಲಿಸಿದ್ದರು. ಹೆಂಡತಿ ಓದುತ್ತಿದ್ದಷ್ಟು ಕಾಲ ಅದರ ಮೇಲೆ ಬಟ್ಟೆ ಹೊದಿಸಿಟ್ಟಿದ್ದರು. ಈಗ ಬಟ್ಟೆ ತೆಗೆದರು. ಇಂಟರ್ನೆಟ್ಟಿನಲ್ಲಿ ತಡಕಾಡುತ್ತಾ ಹೋದ ಹಾಗೆ ಅವರಿಗೆ ಒಂದು ಪುಟ ಸಿಕ್ಕಿತು. ಇದೇ ಆಪರೇಷನ್ ಆಗಿದ್ದ, ಬೇರಾವುದೋ ದೇಶದ ಒಬ್ಬ ಹೆಂಗಸು, ಗಾಳಿಯನ್ನು ಅನ್ನನಾಳಕ್ಕೆ ಎಳೆದುಕೊಂಡು ಅದನ್ನೇ ಮಾತಾಗಿ ಹೊರಗೆ ತರುವುದನ್ನು ತಾನು ಹೇಗೆ ಕಲಿತೆ ಎಂದು ಕಂತು ಕಂತಾಗಿ ಬರೆದಿದ್ದಳು. ರಾಯರು ಒಂದಿಷ್ಟು ಕೇಳಿ, ನಿಲ್ಲಿಸಿ, ಕನ್ನಡದಲ್ಲಿ ಹೇಳುತ್ತಿದ್ದರು. ಗೋದಾಬಾಯಿ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಇಷ್ಟು ವರ್ಷ ಅವಳು ಓದಿದ್ದಳು, ಈಗ ಇವರ ಸರದಿ ಬಂದಿತ್ತು. ಒಮ್ಮೊಮ್ಮೆ ಬಳೆಯ ಸದ್ದು ನಿಂತು, ಗುಳುಕ್ ಎಂದು ಗಾಳಿ ನುಂಗುವ ಸದ್ದು ಕೇಳಿಸುತ್ತಿತ್ತು. ರಾಯರು ಕೇಳಿಸದವರ ಹಾಗೆ ಇರುತ್ತಿದ್ದರು.

ಕೊನೆಯ ಕಂತು ಬಾಕಿ ಇದ್ದಾಗ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಮಾಡಿಕೊಂಡಿತು. ಮಾರನೆಯ ಬೆಳಿಗ್ಗೆ ರಾಯರು ಬ್ರೌಸರ್ ತೆರೆದರು. ಓದುವ ದನಿ ಅರ್ಧ ಪದ ಹೇಳಿ ಕಡಿದುಹೋಯಿತು. ಆಮೇಲೆ ಯಾವ ಕೀಲಿ ಒತ್ತಿದರೂ ಮಾತಿಲ್ಲ. ಆರಿಸಿ ಹಚ್ಚಿದರೆ ದನಿ ಮರಳುತ್ತಿತ್ತು, ಬ್ರೌಸರ್ ತೆರೆದ ಕೂಡಲೇ ಮತ್ತೆ ಹೋಗುತ್ತಿತ್ತು. ಮೂರನೆಯ ಸಲವೂ ಹಾಗೇ ಆಯಿತು.

ಕಂಪ್ಯೂಟರ್ ರಿಪೇರಿಯ ಓಬಳಪ್ಪನಿಗೆ ಫೋನ್ ಮಾಡಿದರು.

“ಅಪ್‌ಡೇಟ್ ಆದ್ಮೇಲೆ ಸುಮಾರು ಜನರದ್ದು ಹಿಂಗೇ ಆಗ್ತಿದೆ ಸಾರ್. ಫಾರ್ಮ್ಯಾಟ್ ಮಾಡ್ಬಿಡೋಣ” ಎಂದ ಅವನು.

“ಬೇಡಪ್ಪ, ಓದೋ ಪ್ರೋಗ್ರಾಮೂ ಹೋಗ್ಬಿಡುತ್ತೆ. ಅದನ್ನ ಹಾಕಿಕೊಟ್ಟೋರು ಈಗ ಊರಲ್ಲಿಲ್ಲ.”

“ಹಂಗಾದ್ರೆ ಒಂದು ಕೆಲ್ಸ ಮಾಡಿ. ಬ್ರೌಸರ್ ಮುಚ್ಕೊಂಡಾಗ ಒಂದು ಬಾಕ್ಸ್ ಬರುತ್ತೆ. ಅದ್ರಲ್ಲಿ ವಿವರ ಅಂತ ಒತ್ತಿದ್ರೆ, ಯಾವ ಫೈಲಿಂದ ತೊಂದ್ರೆ ಅಂತ ಹೆಸರು ಇರುತ್ತೆ. ಆ ಫೈಲು ಯಾವ್ದರದ್ದೋ ಅದನ್ನ ತೆಗೆದುಹಾಕಿದ್ರೆ ಸರಿಹೋಗ್ಬೋದು.” ಮತ್ತೆ ಕೇಳಿದ, “ಅದನ್ನ ಓದೋಕೆ ಮನೇಲಿ ಯಾರಾದ್ರೂ ಇದಾರಾ ಸಾರ್?”

“ಇದಾರೆ” ಎಂದರು ರಾಯರು.

ಫೋನ್ ಇಟ್ಟ ಮೇಲೆ ಆ ಮಾತಿನ ಭಾರ ಅವರಿಗೆ ತಿಳಿಯಿತು. ಓದಬಲ್ಲವಳಿಗೆ ಹೇಳಲಾಗದು. ಹೇಳಬಲ್ಲ ಯಂತ್ರ ಅಷ್ಟು ಹೊತ್ತಿಗೆ ಸರಿಯಾಗಿ ಮೂಕವಾಗುತ್ತದೆ.

“ಪಕ್ಕದ ಮನೆ ಶೈಲಜಮ್ಮನ್ನ ಕರೀಲಾ?” ಎಂದರು. ಗೋದಾಬಾಯಿ ಅವರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಬೇಡ ಎಂದು ಅರ್ಥ. ತೆರೆಯೂ ಕಾಣುವ ಹಾಗೆ ಮೇಜಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂತಳು.

ಮತ್ತೆ ಬ್ರೌಸರ್ ತೆರೆದರು, ಅದು ಮತ್ತೆ ಮುಚ್ಚಿಕೊಂಡಿತು. ಬಾಕ್ಸಿನಲ್ಲಿ ಒತ್ತಬೇಕಾದ ಇಂಗ್ಲಿಷ್ ಪದದ ಅಕ್ಷರಗಳನ್ನು ರಾಯರು ಒಂದೊಂದಾಗಿ ಹೇಳಿಕೊಟ್ಟರು. ಮೌಸನ್ನು ಎಂದೂ ಮುಟ್ಟಿರದ ಗೋದಾಬಾಯಿ ಅದನ್ನು ಮೇಜಿನ ಮೇಲೆ ಅಲ್ಲಿಂದಿಲ್ಲಿಗೆ ಎಳೆಯುತ್ತಿದ್ದುದು ರಾಯರಿಗೆ ಕೇಳಿಸುತ್ತಿತ್ತು. ಕೊನೆಗೊಂದು ಟಿಕ್. ಅವಳ ಬಳೆ ಸುಮ್ಮನಾಯಿತು. ಕನ್ನಡ ಶಾಲೆಯಲ್ಲಿ ಓದಿದವಳು ಅವಳು. ಇಂಗ್ಲಿಷ್ ಅಕ್ಷರಗಳು ಗೊತ್ತು, ಓದಿದರೆ ಅರ್ಥವಾಗದು.

“ನಡುವೆ ಚುಕ್ಕಿ ಇರೋ ಹೆಸರನ್ನ ಹುಡುಕಿ ಒಂದೊಂದೇ ಅಕ್ಷರ ಬರಿ. ನಾನು ಹೇಳ್ತೀನಿ. ಸರಿಯಿದ್ರೆ ತಟ್ಟು, ತಪ್ಪಿದ್ರೆ ಒರೆಸು” ಎಂದು ರಾಯರು ಕೈ ಚಾಚಿದರು.

ಬೆರಳು ಅಂಗೈ ಮೇಲೆ ಏರಿ ಇಳಿಯಿತು. “ಡಬ್ಲ್ಯೂ.”

ಒರೆಸಿದಳು. ಮತ್ತೆ ಬರೆದಳು.

“ಡಬ್ಲ್ಯೂನೇ ಅಲ್ವೇನೇ?”

ಮತ್ತೆ ಒರೆಸಿದಳು, ಈ ಸಲ ಸ್ವಲ್ಪ ಜೋರಾಗಿ. ಅವಳು ಎದುರಿಗೆ ಕೂತಿದ್ದಾಳೆ, ಅಕ್ಷರ ತಲೆಕೆಳಗಾಗಿ ಬರುತ್ತಿದೆ ಎಂದು ಆಗ ಹೊಳೆಯಿತು ರಾಯರಿಗೆ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆಗಳ ತಿರುವುಮುರುವಾದ ಅಕ್ಷರಗಳನ್ನು ಓದಿ ರೂಢಿಯಿದ್ದವರು, ಆದರೂ ಎಡವಿದ್ದರು. “ಈ ಕಡೆ ಬಾ, ನನ್ನ ಪಕ್ಕಕ್ಕೆ ಬಾ” ಎಂದರು. ಅವಳು ಪಕ್ಕಕ್ಕೆ ಬಂದು ಭುಜಕ್ಕೆ ಭುಜ ತಾಗಿಸಿ ಕೂತಳು.

“ಎಂ.” ತಟ್ಟಿದಳು. “ಇ.” ತಟ್ಟಿದಳು. “ಡಿ... ಮತ್ತೆ ಡಿ... ಐ... ಸಿ.”

ರಾಯರು ತಡೆದರು. ಇಂಗ್ಲಿಷಿನ ಆ ಆರಕ್ಷರ ಬಾಯಲ್ಲಿ ಹೊರಳಿಸಿದರು: ಮೆಡ್-ಡಿಕ್, ಮೆಡಿಕಲ್ ಡಿಕ್ಷನರಿ. ಆಪರೇಷನ್ ಆದ ವಾರ, ಡಾಕ್ಟರ ಚೀಟಿಯಲ್ಲಿದ್ದ ಪದಗಳ ಅರ್ಥ ತಿಳಿಯಬೇಕೆಂದು ಬ್ರೌಸರಿಗೆ ಒಂದು ವೈದ್ಯಕೀಯ ನಿಘಂಟನ್ನು ತಾವೇ ಜೋಡಿಸಿದ್ದರು. ಒಂದೊಂದು ಪದವನ್ನೂ ಕೇಳಿ, ಅವಳಿಗೆ ಹೇಳದೆ, ಒಳಗೇ ನುಂಗಿಕೊಂಡಿದ್ದರು. ಹೊಸ ಅಪ್‌ಡೇಟಿಗೆ ಆ ಹಳೆಯ ನಿಘಂಟು ಹೊಂದುತ್ತಿರಲಿಲ್ಲ.

“ಅದು ಇನ್ನು ಬೇಡ ಬಿಡು” ಎಂದರು.

ಕಂಪ್ಯೂಟರ್ ಆರಿಸಿ ಹಚ್ಚಿದರು. ಬ್ರೌಸರನ್ನು ಮುಟ್ಟದೆ, ಪ್ರೋಗ್ರಾಮುಗಳ ಪಟ್ಟಿಯಲ್ಲಿ ದನಿಯನ್ನು ಹಿಂಬಾಲಿಸುತ್ತಾ ಹೋಗಿ ನಿಘಂಟನ್ನು ತೆಗೆದುಹಾಕಿದರು. ಇನ್ನೊಮ್ಮೆ ಆರಿಸಿ ಹಚ್ಚಿ ಬ್ರೌಸರ್ ತೆರೆದರು. ದನಿ ಪುಟದ ಹೆಸರನ್ನು ಪೂರ್ತಿ ಹೇಳಿತು, ಮುಂದಕ್ಕೆ ಓದಿತು.

ಕೊನೆಯ ಕಂತು ಅದು. ಆ ಹೆಂಗಸು ಏನನ್ನೂ ಮುಚ್ಚಿಟ್ಟಿರಲಿಲ್ಲ. ಇದು ಎಲ್ಲರಿಗೂ ಒಲಿಯುವುದಿಲ್ಲ, ತಾನು ವರ್ಷಗಟ್ಟಲೆ ಹೆಣಗಿದೆ, ಬಂದ ದನಿ ಮೊದಲಿನದಲ್ಲ, ಫೋನಿನಲ್ಲಿ ಸ್ವಂತ ತಂಗಿಯೇ ಗುರುತು ಹಿಡಿಯಲಿಲ್ಲ ಎಂದು ಬರೆದಿದ್ದಳು. ರಾಯರು ಕೇಳಿ ಮುಗಿಸಿದರು. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು?

ಅಂಗೈ ಮೇಲೆ ಬೆರಳು ಬಂತು. ‘ಹೇಳಿ.’

ಎಲ್ಲವನ್ನೂ ಹೇಳಿದರು. ಗೋದಾಬಾಯಿ ಅವರ ಅಂಗೈಯನ್ನು ಮತ್ತೆ ತನ್ನ ಕಡೆ ಎಳೆದುಕೊಂಡಳು. ಆಮೇಲೆ ಬರೆದಳು: ‘ಕ್ಲಾಸಿಗೆ ಹೋಗೋಣ.’

ಹೋದರು. ವಾರವಾರವೂ ಬಸ್ಸಿನಲ್ಲಿ ಹೋದರು. ಕಲಿಸುವವರು ಹೇಳಿಕೊಟ್ಟದ್ದನ್ನು ಮನೆಯಲ್ಲಿ ಕೂತು ಸಾಧನೆ ಮಾಡಿದಳು, ಸಿಟ್ಟಾಗಿ ಬಿಟ್ಟಳು, ಮತ್ತೆ ಹಿಡಿದಳು. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಒಂದು ಮಧ್ಯಾಹ್ನ ರಾಯರು ಹಜಾರದಲ್ಲಿದ್ದಾಗ ಒಳಗಿನಿಂದ ಮರಕ್ಕೆ ಮರ ಉಜ್ಜಿದಂಥ ಸದ್ದು ಬಂತು. ಯಾವುದೋ ಬಾಗಿಲು ಅಂದುಕೊಂಡರು. ಸದ್ದು ಹತ್ತಿರ ಬಂತು, ಜೊತೆಗೆ ಬಳೆ.

“ರೀ.”

ರಾಯರಿಗೆ ಸಂತೋಷವಾಯಿತೇ ಎಂದರೆ, ಇಲ್ಲ. ಮೊದಲು ಆದದ್ದು ದುಃಖ. ಪರಿಚಯವಿಲ್ಲದ ಯಾರೋ ತನ್ನ ಹೆಂಡತಿಯ ಜಾಗದಲ್ಲಿ ನಿಂತು ಕರೆದ ಹಾಗಾಗಿತ್ತು. ಹೋದ ದನಿ ಇನ್ನು ಬರುವುದಿಲ್ಲ ಎಂದು ಆ ಹೊತ್ತಿಗೆ ಅವರು ನಿಜವಾಗಿ ಒಪ್ಪಿಕೊಂಡರು.

“ನಂಗೆ ನಿನ್ನ ಗುರುತೇ ಸಿಗ್ಲಿಲ್ಲ ಗೋದಾ” ಎಂದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವಳು ಪಕ್ಕದಲ್ಲಿ ಕೂತಳು. ಗಾಳಿ ಎಳೆದುಕೊಂಡು, ತಡೆತಡೆದು ಹೇಳಿದಳು.

“ನಂಗೂ... ಸಿಗ್ಲಿಲ್ಲ.”