ಅಪ್ಪನ ‘ಹೂಂ’ ಮತ್ತು ಒಂದು ಕಂಪ್ರೆಸರ್

ಅಮ್ಮನ ಗಂಟಲಿನ ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ ಅವಳ ದನಿಯನ್ನು ರೆಕಾರ್ಡ್ ಮಾಡಿಡಲು ಹೊರಟೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತಿಲ್ಲ ಎಂದಿದ್ದರು ಡಾಕ್ಟರು. ಭದ್ರಾವತಿಯ ಜನ್ನಾಪುರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಆಗ ಮೈಕು, ಮಿಕ್ಸರ್, ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇದ್ದವು. ಭಜನೆ ಮಂಡಳಿಗಳಿಗೆ ಸಿ.ಡಿ. ಮಾಡಿಕೊಡುತ್ತಿದ್ದೆ. ರೆಕಾರ್ಡ್ ಮಾಡಿದ ದಿನ ಮಳೆಯಿತ್ತು ಎಂದು ನನ್ನ ನೆನಪು. ರೆಕಾರ್ಡಿಂಗಿನಲ್ಲಿ ಮಳೆಯಿಲ್ಲ. ಮಳೆಯನ್ನು ಬಿಡುತ್ತೇನೆ.

ಅಮ್ಮನಲ್ಲಿ ಉಳಿದಿದ್ದದ್ದು ಒಡಕು ಪಿಸುಮಾತು. ಅಪ್ಪನಿಗೆ ಅದು ಕೇಳುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಕಾದ ಕಬ್ಬಿಣ ಬಡಿಯುವ ಫೋರ್ಜ್ ಶಾಪಿನ ಸುತ್ತಿಗೆ ಅವರ ಕಿವಿಯನ್ನು ತಿಂದಿತ್ತು. ಕಿವಿಯ ಮೆಷಿನ್ನಿನಲ್ಲಿ ಫ್ಯಾನಿನ ಸದ್ದೊಂದೇ ಕೇಳುತ್ತದೆಂದು ಅದನ್ನು ಬೀರುವಿನಲ್ಲಿಟ್ಟಿದ್ದರು. ಫೋರ್ಜ್ ಶಾಪಿನವರಿಗೆಲ್ಲ ಒಂದು ಅಭ್ಯಾಸ: ಎದುರಿನವರ ತುಟಿ ನಿಂತ ಕೂಡಲೇ ‘ಹೂಂ’ ಎನ್ನುವುದು. ಕೇಳಿಸಲಿಲ್ಲ ಎನ್ನುವುದು ಅವಮಾನ.

ಇಲ್ಲಿ ಬೇಕಾದದ್ದು ಕಂಪ್ರೆಸರ್. ಜೋರಾದ ಸದ್ದನ್ನು ಅದುಮಿ, ಮೆಲುವಾದದ್ದನ್ನು ಮೇಲೆತ್ತುವ ಸಾಧನ. ಕಂಪ್ಯೂಟರಿನಲ್ಲಿದ್ದ ಸಾಫ್ಟ್‌ವೇರ್ ಆ ಕೆಲಸವನ್ನು ರೆಕಾರ್ಡಿಂಗ್ ಮುಗಿದ ಮೇಲೆ ಮಾಡುತ್ತಿತ್ತು. ಮೂಲ ಹಾಗೇ ಉಳಿಯುತ್ತಿತ್ತು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಮೈಕ್‌ಸೆಟ್ ಅಂಗಡಿಯಿಟ್ಟಿದ್ದ ಗೆಳೆಯ ತನ್ನ ತಗಡಿನ ಡಬ್ಬಿಯಂಥ ಕಂಪ್ರೆಸರನ್ನು ತಂದುಕೊಟ್ಟ.

“ಇದ್ರಲ್ಲಿ ಆಗಿಂದಾಗ್ಲೇ ಕೇಳ್ಸುತ್ತೆ ಮಾರಾಯ. ಆದ್ರೆ ಅದುಮಿದ್ದು ಅದುಮಿದ್ದೇ. ಆಮೇಲೆ ಬಿಡಿಸ್ತೀನಿ ಅಂದ್ರೆ ಆಗಲ್ಲ.”

ಆಗಲೇ ಕೇಳಿಸುವುದು, ಮೂಲವನ್ನು ಉಳಿಸುವುದು ಎರಡನ್ನೂ ಒಟ್ಟಿಗೆ ಮಾಡುವ ದಾರಿ ನನ್ನ ಮಿಕ್ಸರಿನಲ್ಲಿರಲಿಲ್ಲ, ಅಥವಾ ನನಗೆ ತಿಳಿದಿರಲಿಲ್ಲ. ನಾನು ಸಾಫ್ಟ್‌ವೇರ್ ಎಂದೆ. ಅಮ್ಮನ ದನಿ ಕೆಡದೆ ಉಳಿಯಬೇಕು.

“ಉಳಿಸ್ಕೊಂಡು ಏನ್ ಮಾಡ್ತೀಯೋ,” ಎಂದಳು ಅಮ್ಮ. “ನಾನು ಮಾತಾಡ್ತಿರುವಾಗ ಅವರಿಗೆ ಕೇಳ್ಲಿ. ಡಬ್ಬೀನೇ ಹಾಕು.”

ಅಪ್ಪನ ಕಿವಿಗೆ ಹೆಡ್‌ಫೋನ್ ಹಾಕಿ, ಡಬ್ಬಿಯ ನಾಬ್‌ಗಳನ್ನು ಕೊನೆಯವರೆಗೆ ತಿರುಗಿಸಿದೆ. ಅಮ್ಮ ಮೈಕಿನ ಮುಂದೆ ಬಾಗಿ, “ರೀ, ಕೇಳ್ತಾ?” ಎಂದು ಉಸುರಿದಳು.

ಅಪ್ಪ ಬೆಚ್ಚಿಬಿದ್ದರು. “ಯಾಕೆ ಕಿರುಚ್ತೀಯೆ ಮಾರಾಯ್ತಿ!”

ನಾವು ನಕ್ಕೆವು. ಅಮ್ಮನ ನಗು ರೆಕಾರ್ಡಿಂಗಿನಲ್ಲಿ ತಗಡು ಕೆರೆದಂತಿದೆ. ನಕ್ಕು ಸುಮ್ಮನಾದಳು. ಡಬ್ಬಿ ಆ ಮೌನವನ್ನೂ ಮೇಲೆತ್ತಿತು.

“ಇದೇನಿದು? ಎಣ್ಣೆ ಇಲ್ಲದ ಬೇರಿಂಗ್ ತರ?”

“ನನ್ನ ಉಸಿರು ಕಣ್ರೀ.”

“ಯಾವಾಗಿಂದ ಹೀಗೆ?”

“ಹೋದ ದೀಪಾವಳಿಗೆ ಮುಂಚೆಯಿಂದ. ಗಂಟಲು ನೋಯ್ತಿದೆ, ಡಾಕ್ಟ್ರ ಹತ್ರ ಹೋಗಿ ಬರ್ಲಾ ಅಂದೆ. ಹಬ್ಬ ಆದ್ಮೇಲೆ ಹೋದ್ರೆ ಸಾಕಾ ಅಂದೆ. ನೀವು ಹೂಂ ಅಂದ್ರಿ.”

ಅಪ್ಪ ಆಗ ಹೆಡ್‌ಫೋನ್ ತೆಗೆದಿಟ್ಟರೆಂದು ಬಹಳ ಕಾಲ ನಂಬಿದ್ದೆ. ಈಗ ಕೇಳಿದರೆ ತೆಗೆದ ಸದ್ದಿಲ್ಲ; ಅಮ್ಮನ ಉಸಿರು ಮಾತ್ರ ಕೋಣೆ ತುಂಬುವಷ್ಟು ದೊಡ್ಡದಾಗುತ್ತಾ ಹೋಗುತ್ತದೆ. ಅವರು ಕೂತು ಕೇಳುತ್ತಿದ್ದಿರಬೇಕು.

ಆಪರೇಷನ್ ಆಯಿತು. ಆ ದನಿಯನ್ನು ಸಾಫ್ಟ್‌ವೇರಿನಲ್ಲಿ ಬಿಡಿಸಲು ನೋಡಿದೆ. ಬರಲಿಲ್ಲ. ಅಪ್ಪ ಅದನ್ನು ಕೇಳಲು ಎಂದೂ ಕೋಣೆಗೆ ಬರಲಿಲ್ಲ.

ಆದರೆ ಅವರ ‘ಹೂಂ’ ನಿಂತಿತು. ಅಮ್ಮ ಅಡುಗೆಮನೆಯಲ್ಲಿ ತಟ್ಟೆಯಿಟ್ಟರೂ, ಬಾಗಿಲು ದಾಟಿದರೂ, ಕೂತಲ್ಲಿಂದ ಎದ್ದು ಬಂದು ಅವಳ ಮುಖ ನೋಡುತ್ತಿದ್ದರು.

“ಏನಂದೆ?”

ಅಮ್ಮ ಏನೂ ಅಂದಿರುತ್ತಿರಲಿಲ್ಲ.