ಷೆರಿಫನ ಹೆಂಡತಿಯ ದನಿ

ನನ್ನ ಸೋದರತ್ತೆ ಡಬ್ಬಿಂಗ್ ಕಲಾವಿದೆ. ಪರಭಾಷೆಯ ಚಿತ್ರಗಳಲ್ಲಿ ಬಾಯಿ ಜೋರಿರುವ ಹೆಂಗಸು ಬಂದರೆ ಸ್ಟುಡಿಯೋದಿಂದ ಅವಳಿಗೇ ಕರೆ ಬರುತ್ತಿತ್ತು.

ಒಮ್ಮೆ ಒಂದು ಕೌಬಾಯ್ ಹಾಸ್ಯಚಿತ್ರ ಬಂತು. ಅದರಲ್ಲಿ ಪುಕ್ಕಲು ಷೆರಿಫ್ ಕುದುರೆಯಿಂದ ಬೀಳುತ್ತಾನೆ, ಬಾಗಿಲಲ್ಲಿ ನಿಂತ ಹೆಂಡತಿ ಬೈಯುತ್ತಾಳೆ. ಬರೆದುಕೊಟ್ಟ ಮಾತು ಮುಗಿದರೂ ಪರದೆಯ ಮೇಲೆ ಅವಳ ತುಟಿ ಆಡುತ್ತಲೇ ಇತ್ತು. ಅತ್ತೆ ತಡವರಿಸಲಿಲ್ಲ.

"ಕುದುರೆಗೆ ಒಂದೇ ದಿನದಲ್ಲಿ ನಿಮ್ಮ ಯೋಗ್ಯತೆ ಗೊತ್ತಾಯ್ತು. ನನಗೆ ಹತ್ತು ವರ್ಷ ಬೇಕಾಯ್ತು ನೋಡಿ!"

ನಿರ್ದೇಶಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮಾತು ಹಾಗೆಯೇ ಉಳಿಯಿತು.

ಮೊನ್ನೆ ಆ ಚಿತ್ರ ಮತ್ತೆ ಟಾಕೀಸಿಗೆ ಬಂದಾಗ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಷೆರಿಫ್ ಬಿದ್ದ. ಹೆಂಡತಿ ಬಾಯಿ ತೆರೆಯುವ ಮೊದಲೇ ಇಡೀ ಟಾಕೀಸು ಆ ಮಾತನ್ನು ಒಕ್ಕೊರಲಿನಿಂದ ಕೂಗಿತು. ಚಿತ್ರ ತಯಾರಾದಾಗ ಹುಟ್ಟಿಯೇ ಇರದವರೂ ಕೂಗಿದರು. ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮಧ್ಯಂತರದಲ್ಲಿ ಅವಳು ನೀರು ಕೇಳಿದ್ದೇ ತಡ, ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು.

"ಅಜ್ಜಿ, ಆ ಹೆಂಡತಿ ನೀವೇನಾ?"

"ಹೂಂ ಕಣಮ್ಮ, ನಾನೇ. ಆ ಮಾತೂ ನಂದೇ, ಯಾರೂ ಬರ್ಕೊಟ್ಟಿದ್ದಲ್ಲ," ಎಂದಳು ಅತ್ತೆ, ಇಡೀ ಸಾಲಿಗೆ ಕೇಳುವಂತೆ.