ಉಸಿರಿಗೆಂದು ಉಳಿಸಿದ ಕರೆಂಟು

ನನ್ನ ಯಜಮಾನರು ಶಿವಾರಪಟ್ಟಣದಲ್ಲಿ ದೇವರ ವಿಗ್ರಹ ಕೆತ್ತುತ್ತಿದ್ದವರು. ಕಲ್ಲಿನ ಧೂಳು ಎದೆಗಿಳಿದು ಉಳಿ ಹಿಡಿಯಲಾಗದಾದ ಮೇಲೆ ಲ್ಯಾಪ್‌ಟಾಪಿನಲ್ಲಿ ವಿಗ್ರಹ ರೂಪಿಸುವುದನ್ನು ಕಲಿತರು. ಅದರಂತೆ ಶೆಡ್ಡಿನ ಮಷೀನು ಕಲ್ಲು ಕೊರೆಯುತ್ತಿತ್ತು. ಅವರ ಮಂಚದ ಪಕ್ಕ ಆಕ್ಸಿಜನ್ ಮಷೀನು. ಕರೆಂಟು ಹೋದರೆ ಅದಕ್ಕೂ ಲ್ಯಾಪ್‌ಟಾಪಿಗೂ ಒಂದೇ ಯುಪಿಎಸ್ ಗತಿ.

ಹಳೆಯ ಲ್ಯಾಪ್‌ಟಾಪ್ ಕೆಟ್ಟಾಗ ಮಾಲೂರಿನ ಅಂಗಡಿಗೆ ನಾನೇ ಹೋದೆ, ಪ್ಲಗ್ಗಿಗೆ ಸಿಕ್ಕಿಸಿದರೆ ಎಷ್ಟು ಕರೆಂಟು ಎಳೆಯುತ್ತದೆಂದು ತೋರಿಸುವ ವ್ಯಾಟ್ ಮೀಟರು ಹಿಡಿದುಕೊಂಡು. ಬೇರೆ ಬೇರೆ ಕಂಪನಿಯ ಗ್ರಾಫಿಕ್ಸ್ ಚಿಪ್ಪಿನ ಎರಡು ಲ್ಯಾಪ್‌ಟಾಪ್ ತೋರಿಸಿದರು. ಎರಡರಲ್ಲೂ ಯಜಮಾನರು ಮಾಡಿದ ಒಂದೇ ಗಣಪತಿಯನ್ನು ತಿರುಗಿಸಿ ನೋಡಿದೆ. ಒಂದರಲ್ಲಿ ಗಣಪತಿ ಬುಗುರಿಯ ಹಾಗೆ ತಿರುಗಿದ, ಆದರೆ ಮೀಟರು ಜಿಗಿಯಿತು, ಫ್ಯಾನು ಬೊಬ್ಬೆ ಹಾಕಿತು. ಇನ್ನೊಂದರಲ್ಲಿ ಕೊಂಚ ತಡವರಿಸಿದ, ಆದರೆ ಕರೆಂಟು ಹತ್ತಿರ ಹತ್ತಿರ ಅರ್ಧ.

"ಅಮ್ಮಾ, ಎಲ್ರೂ ಸ್ಪೀಡ್ ಕೇಳ್ತಾರೆ, ನೀವು ಕರೆಂಟ್ ಕೇಳ್ತೀರಲ್ಲಾ" ಎಂದ ಅಂಗಡಿಯವನು.

"ನಮ್ಮನೇಲಿ ಕರೆಂಟೇ ಉಸಿರು ಕಣಪ್ಪಾ" ಎಂದು ಗದರಿ, ಕಡಿಮೆ ಎಳೆಯುವುದನ್ನೇ ತಂದೆ.

ಯಜಮಾನರು ಗೊಣಗಿದರು. "ಎತ್ತಿನಗಾಡಿ ತಂದಿದ್ದೀಯಲ್ಲೇ!"

"ಎತ್ತಿನಗಾಡಿಯಾದ್ರೂ ಊರು ಸೇರುತ್ತೆ, ಸುಮ್ನಿರ್ರೀ."

ಅದರಲ್ಲೇ ಗೌನಿಪಲ್ಲಿಯವರು ಹೇಳಿದ್ದ ಗಂಗಮ್ಮನ ವಿಗ್ರಹ ಮಾಡಲು ಕೂತರು. ಸೀರೆಯ ನೆರಿಗೆ, ಬಳೆ, ಮೂಗುತಿ ಎಲ್ಲ ಮುಗಿದವು. ಕಣ್ಣಿನ ಜಾಗ ಮಾತ್ರ ಖಾಲಿ. ನಮ್ಮಲ್ಲಿ ಕಣ್ಣು ಬಿಡಿಸುವುದು ಎಲ್ಲದಕ್ಕೂ ಕೊನೆಗೆ.

"ಕಂಪ್ಯೂಟರಿಗೂ ಶಾಸ್ತ್ರಾನೇನ್ರೀ?" ಎಂದು ಚುಡಾಯಿಸಿದೆ.

"ಕಣ್ಣು ಬಿಟ್ಟ ಮೇಲೆ ಅಮ್ಮನ ಮೈಮೇಲೆ ಕೈಯಾಡಿಸಬಾರ್ದು ಕಣೇ. ನಾಳೆ ಬೆಳಗ್ಗೆ ಬಿಡಿಸ್ತೀನಿ. ನೀನು ಪಕ್ಕದಲ್ಲಿರು" ಎಂದರು.

ಬೆಳಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಕರೆಂಟು ಹೋಯಿತು. ಯುಪಿಎಸ್ ಕಿರುಗುಟ್ಟಿತು. ಆಕ್ಸಿಜನ್ ಮಷೀನಿನ ಸದ್ದು ನಿಲ್ಲಲಿಲ್ಲ. "ನೋಡಿದ್ರಾ ನನ್ನ ಎತ್ತಿನಗಾಡೀನ!" ಎಂದು ಜಂಬದಿಂದ ಲೋಟ ಹಿಡಿದು ಒಳಗೆ ಬಂದೆ. ಮೌಸಿನ ಮೇಲೆ ಅವರ ಕೈ ಹಾಗೇ ಇತ್ತು. ಮೂಗಿನ ಹತ್ತಿರ ಬೆರಳು ಹಿಡಿದೆ. ಅಯ್ಯೋ ದೇವರೇ, ಉಸಿರಿರಲಿಲ್ಲ.

ಮನೆ ತುಂಬ ಜನ ಸೇರಿದರು. ಕರೆಂಟು ಇನ್ನೂ ಬಂದಿರಲಿಲ್ಲ. ಸ್ಕ್ರೀನಿನಲ್ಲಿ ಕಣ್ಣಿಲ್ಲದ ಗಂಗಮ್ಮ ನಿಂತಿದ್ದಳು. ಯಾರೂ ಆರಿಸದ ಆಕ್ಸಿಜನ್ ಮಷೀನು ಬುಸುಗುಡುತ್ತಲೇ ಇತ್ತು. ಯುಪಿಎಸ್ ನೋಡಿದೆ, ಚಾರ್ಜು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಅದೆಲ್ಲ ನಾನು ಅವರಿಗೆಂದು ಉಳಿಸಿದ್ದು.